ಪದ್ಮಿನಿಯ ಮುಂದಿನ ಸಸ್ಪೆನ್ಶನ್ ಮನೆಯಲ್ಲೇ ಬಿಚ್ಚುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬಯಿ, ಠಾಣೆ, ಡೊಂಬಿವಲಿ ಕಡೆಯ ನಮ್ಮವರ ಮನೆಗಳಲ್ಲಿ ಅಪ್ಪನದೋ ಮಾವನದೋ ಒಂದು ಪ್ರೀಮಿಯರ್ ಪದ್ಮಿನಿ ಇನ್ನೂ ಕವರ್ ಹೊದ್ದು ನಿಂತಿರುತ್ತದೆ. ಕುರ್ಲಾದ ಕಾರ್ಖಾನೆಯಲ್ಲೇ ಹುಟ್ಟಿದ ಗಾಡಿ. 1964ರಲ್ಲಿ ಫಿಯಟ್ 1100 ಡಿಲೈಟ್ ಎಂದು ಬಂದು, 1970ರ ದಶಕದಲ್ಲಿ ಪದ್ಮಿನಿ ಎಂಬ ಹೆಸರು ಪಡೆಯಿತು. ಅದನ್ನು ಮತ್ತೆ ರಸ್ತೆಗಿಳಿಸಲು ಹೊರಟವರು ಮುಂದಿನ ಚಕ್ರದ ಹತ್ತಿರ ಬಂದಾಗ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವಕ್ಕೆ ಉತ್ತರ ಇಲ್ಲಿದೆ.

ಇದು ಮನೆಯಲ್ಲಿ ಮಾಡುವ ಕೆಲಸವೇ? ಗ್ಯಾರೇಜಿಗೆ ಕೊಡುವುದು ಒಳ್ಳೆಯದಲ್ಲವೇ?

ಬಿಚ್ಚುವುದು, ತೊಳೆಯುವುದು, ಸವೆತ ನೋಡುವುದು, ಮತ್ತೆ ಜೋಡಿಸುವುದು, ಇಷ್ಟನ್ನು ಮನೆಯಲ್ಲಿ ಮಾಡಬಹುದು. ಬುಶ್ (ಕೀಲಿನೊಳಗಿನ ರಬ್ಬರ್ ಅಥವಾ ಲೋಹದ ಬಳೆ) ಒತ್ತಿ ಕೂರಿಸುವುದು, ಕಿಂಗ್ ಪಿನ್ (ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ನಿಲುವು ಗೂಟ) ಬುಶ್‌ಗೆ ರೀಮರ್ ಹೊಡೆಯುವುದು ಅಂದರೆ ಒಳಮೈ ಕೊರೆದು ಅಳತೆಗೆ ತರುವುದು, ಅಲೈನ್‌ಮೆಂಟ್, ಈ ಮೂರನ್ನು ಹೊರಗೆ ಮಾಡಿಸಿ. ಹಾಗೆ ಹಂಚಿಕೊಂಡರೆ ದುಡ್ಡೂ ಉಳಿಯುತ್ತದೆ, ಗಾಡಿಯ ಒಳಗೇನಿದೆ ಎಂಬುದೂ ತಿಳಿಯುತ್ತದೆ.

ಈಗಿನ ಗ್ಯಾರೇಜುಗಳಲ್ಲಿ ಕೆಲಸ ಮಾಡುವ ಹುಡುಗರಲ್ಲಿ ಬಹಳಷ್ಟು ಮಂದಿ ಕಿಂಗ್ ಪಿನ್ ಕಂಡೇ ಇಲ್ಲ. ಅದು ಅವರ ತಪ್ಪಲ್ಲ. ಆದರೆ ಗೊತ್ತಿಲ್ಲದವರು ಸುತ್ತಿಗೆಯಲ್ಲಿ ಮಾಡುವ ಕೆಲಸವನ್ನು ನೀವು ಸಮಾಧಾನದಿಂದ ಪುಸ್ತಕ ನೋಡಿ ಮಾಡಬಹುದು. ತಾಕತ್ತಿಗಿಂತ ಲೆಕ್ಕ ಮುಖ್ಯವಾದ ಕೆಲಸ ಇದು. ಪ್ರತಿ ಬೋಲ್ಟಿಗೆ ಪಾನಾ ಹಾಕುವ ಮೊದಲು ಒಂದೇ ಪ್ರಶ್ನೆ: ಸ್ಪ್ರಿಂಗಿನ ಒತ್ತಡವನ್ನು ಈ ಕ್ಷಣ ಯಾವುದು ತಡೆದುಕೊಂಡಿದೆ? ಉತ್ತರ ಗೊತ್ತಿಲ್ಲದಿದ್ದರೆ ಆ ಬೋಲ್ಟು ಮುಟ್ಟಬೇಡಿ.

ಬಿಚ್ಚಲೇಬೇಕು ಎಂದು ಹೇಗೆ ಗೊತ್ತಾಗುತ್ತದೆ?

ಮುಂದಿನ ಚಕ್ರ ನೆಲ ಬಿಡುವಂತೆ ಎತ್ತಿ, ಸ್ಟ್ಯಾಂಡ್ ಕೊಟ್ಟು, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಟಕಟಕ ಎಂದರೆ ಹಬ್ ಬೇರಿಂಗ್ ಸಡಿಲವೋ ಕಿಂಗ್ ಪಿನ್ ಸವೆದಿದೆಯೋ ಎಂಬ ಅನುಮಾನ ಬರುತ್ತದೆ. ಮನೆಯವರನ್ನು ಯಾರನ್ನಾದರೂ ಕೂರಿಸಿ ಬ್ರೇಕ್ ಒತ್ತಿ ಹಿಡಿಯಲು ಹೇಳಿ, ಮತ್ತೆ ಅಲ್ಲಾಡಿಸಿ. ಆಟ ನಿಂತರೆ ಬೇರಿಂಗ್. ಬ್ರೇಕ್ ಹಿಡಿದರೂ ಆಟ ಹಾಗೇ ಇದ್ದರೆ ಕಿಂಗ್ ಪಿನ್ ಅಥವಾ ಆರ್ಮಿನ (ಚಕ್ರವನ್ನು ಬಾಡಿಗೆ ಸೇರಿಸುವ ಉಕ್ಕಿನ ತೋಳಿನ) ಬುಶ್. ಇನ್ನೊಬ್ಬರು ಅಲ್ಲಾಡಿಸುವಾಗ ನೀವು ಟಾರ್ಚ್ ಹಿಡಿದು ಪಕ್ಕದಿಂದ ನೋಡಿದರೆ ಎರಡರಲ್ಲಿ ಯಾವುದೆಂದು ಕಣ್ಣಿಗೇ ಕಾಣುತ್ತದೆ. ಎಡಬಲಕ್ಕೆ ಹಿಡಿದಾಗ ಮಾತ್ರ ಆಟ ಇದ್ದರೆ ಮೊದಲು ಟೈ ರಾಡ್ ಎಂಡ್‌ಗಳನ್ನು (ಸ್ಟೀರಿಂಗಿನಿಂದ ಚಕ್ರಕ್ಕೆ ಹೋಗುವ ಸರಳಿನ ತುದಿಯ ಕೀಲುಗಳನ್ನು), ಆಮೇಲೆ ಸ್ಟೀರಿಂಗ್ ಬಾಕ್ಸನ್ನು ನೋಡಿ. ಅದಕ್ಕಾಗಿ ಸ್ಪ್ರಿಂಗ್ ಇಳಿಸುವ ಅಗತ್ಯವೇ ಇಲ್ಲ.

ಕಾರು ಒಂದು ಬದಿಗೆ ವಾಲಿದ್ದರೆ ಸ್ಪ್ರಿಂಗ್ ಕುಗ್ಗಿರಬಹುದು. ಟೈರಿನ ಗಾಳಿ ಸರಿಮಾಡಿ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎರಡೂ ಬದಿ ಅಳೆದು ಆಮೇಲೆ ತೀರ್ಮಾನಿಸಿ.

ಸೊಸೈಟಿಯ ಪಾರ್ಕಿಂಗ್‌ನಲ್ಲಿ ಮಾಡಲು ಬಿಡುತ್ತಾರೆಯೇ?

ಸೆಕ್ರೆಟರಿಗೆ ಮೊದಲೇ ಹೇಳಿ. ಎಷ್ಟು ದಿನ ಗಾಡಿ ಎತ್ತಿ ನಿಲ್ಲಿಸಿರುತ್ತೀರಿ ಎಂದು ಕೇಳುತ್ತಾರೆ, ನೀವು ಅಂದುಕೊಂಡದ್ದರ ದುಪ್ಪಟ್ಟು ಹೇಳಿ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಸುತ್ತಿಗೆ ಮುಟ್ಟದಿದ್ದರೆ ಅರ್ಧ ದೂರು ಕಡಿಮೆ. ವಾಚ್‌ಮನ್‌ಗೆ ಚಹಾ ಕುಡಿಸಿ, ಮಕ್ಕಳನ್ನು ಹತ್ತಿರ ಬಿಡಬೇಡಿ ಎಂದು ಹೇಳಿಡಿ. ಸ್ಟ್ಯಾಂಡ್ ಮೇಲಿರುವ ಕಾರಿನ ಕೆಳಗೆ ಕ್ರಿಕೆಟ್ ಚೆಂಡು ಹೋದರೆ ಹುಡುಗರು ಕೇಳದೆ ನುಗ್ಗುತ್ತಾರೆ, ಅದೇ ದೊಡ್ಡ ಭಯ.

ಸ್ಟಿಲ್ಟ್ ಕೆಳಗಿನ ಸಿಮೆಂಟ್ ನೆಲ ಆದರೆ ಉತ್ತಮ. ನುಣುಪು ಟೈಲ್ಸ್ ಮೇಲೆ ಸ್ಟ್ಯಾಂಡ್ ಜಾರುತ್ತದೆ. ಪೇವರ್ ಬ್ಲಾಕ್ ಹಾಸಿದ ಅಂಗಳದಲ್ಲಿ ಸ್ಟ್ಯಾಂಡಿನ ಕಾಲು ಹೂತು ವಾಲುತ್ತದೆ, ಕೆಳಗೆ ದಪ್ಪ ಪ್ಲೈವುಡ್ ಹಲಗೆ ಹಾಕಲೇಬೇಕು. ಗ್ರೀಸ್, ಸೀಮೆಎಣ್ಣೆ, ಡೀಸೆಲ್ ತೊಳೆದ ನೀರನ್ನು ಸೊಸೈಟಿ ಗಟಾರಕ್ಕೆ ಚೆಲ್ಲಬೇಡಿ. ಡಬ್ಬದಲ್ಲಿ ತುಂಬಿ, ಹಳೇ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ.

ಏನೇನು ಸಾಮಾನು ಬೇಕು?

ಪದ್ಮಿನಿಯ ನಟ್ಟು ಬೋಲ್ಟು ಮಿಲಿಮೀಟರ್ ಅಳತೆಯವು, ಹಾಗಾಗಿ ಈಗಿನ ಪಾನಾ ಸೆಟ್ ಸಾಕು. ಸಾಕೆಟ್ ಮಾತ್ರ ಆರು ಮೂಲೆಯದೇ ಇರಲಿ. ಹನ್ನೆರಡು ಮೂಲೆಯದು ತುಕ್ಕು ಹಿಡಿದ ನಟ್ಟಿನ ಮೂಲೆ ತಿಂದುಬಿಡುತ್ತದೆ. ಉದ್ದ ಹಿಡಿಕೆಯ ಬಾರ್, ಎರಡು ಸುತ್ತಿಗೆ, ಟೇಪರ್ (ತುದಿಗೆ ಸಣ್ಣದಾಗುತ್ತಾ ಕಣ್ಣಿನೊಳಗೆ ಕಚ್ಚಿ ಕೂರುವ ಪಿನ್) ಬಿಡಿಸುವ ಪುಲ್ಲರ್, ಟ್ರಾಲಿ ಜಾಕ್, ಒಂದು ಜೊತೆ ಜಾಕ್ ಸ್ಟ್ಯಾಂಡ್, ಸ್ಪ್ರಿಂಗ್ ಕಂಪ್ರೆಸರ್, ಕಬ್ಬಿಣದ ಗಟ್ಟಿ ಸರಪಳಿ, ಕಟ್ಟುತಂತಿ, ಕಣ್ಣಿಗೆ ಕನ್ನಡಕ. ಕೈಯಾಯುಧಗಳಿಗೆ ಮಸ್ಜಿದ್ ಸ್ಟೇಶನ್ ಹತ್ತಿರದ ನಾಗದೇವಿ ಸ್ಟ್ರೀಟ್ ಒಂದು ಸುತ್ತು ಹೊಡೆಯಿರಿ. ದಿನದ ಅರ್ಧ ಹೋಗುತ್ತದೆ, ಆದರೆ ಕೈಯಲ್ಲಿ ಹಿಡಿದು ತೂಗಿ ನೋಡಿ ತರಬಹುದು.

ಮಾದರಿಗೆ ಸರಿಯಾದ ವರ್ಕ್‌ಶಾಪ್ ಮ್ಯಾನ್ಯುಅಲ್ ಇಲ್ಲದೆ ಶುರು ಮಾಡಬೇಡಿ. ಯಾವ ಬೋಲ್ಟಿಗೆ ಎಷ್ಟು ಬಿಗಿ ಎಂಬುದಕ್ಕೆ ಬಾಯಿಮಾತಿನ ಅಂಕಿ ನಂಬುವಂಥದ್ದಲ್ಲ.

ಜಾಕ್ ಮೇಲೆಯೇ ಬೇಗ ಮುಗಿಸಬಹುದಲ್ಲ? ಇಟ್ಟಿಗೆ ಕೊಟ್ಟರಾಗದೇ?

ಆಗದು. ಜಾಕ್ ಇರುವುದು ಎತ್ತಲಿಕ್ಕೆ, ಹೊತ್ತು ನಿಲ್ಲಲಿಕ್ಕಲ್ಲ. ಸೀಲ್ ಸೋರಿದರೆ ಸದ್ದಿಲ್ಲದೆ ಇಳಿಯುತ್ತದೆ. ಇಟ್ಟಿಗೆ, ಸಿಮೆಂಟ್ ಬ್ಲಾಕ್, ಊರಿನ ಕೆಂಪುಕಲ್ಲು, ಯಾವುದೂ ಬೇಡ. ಇವು ಬಿರುಕು ಬಿಡುವ ಮುನ್ನ ಸೂಚನೆ ಕೊಡುವುದಿಲ್ಲ, ಒಮ್ಮೆಗೇ ಪುಡಿಯಾಗುತ್ತವೆ.

ಕಾರು ನೆಲದ ಮೇಲಿದ್ದಾಗಲೇ ಚಕ್ರದ ನಟ್ಟು ಅರ್ಧ ಸುತ್ತು ಸಡಿಲಿಸಿ. ಹಿಂದಿನ ಚಕ್ರಗಳಿಗೆ ಮುಂದೆ ಹಿಂದೆ ಮರದ ತುಂಡು ಕೊಡಿ, ಹ್ಯಾಂಡ್‌ಬ್ರೇಕ್ ಒಂದನ್ನೇ ನೆಚ್ಚಬೇಡಿ. ಎತ್ತಿದ ಮೇಲೆ ಸ್ಟ್ಯಾಂಡ್ ಕೊಡಬೇಕಾದ್ದು ಬಾಡಿಯ ಗಟ್ಟಿ ಭಾಗಕ್ಕೆ, ಸಸ್ಪೆನ್ಶನ್ ಆರ್ಮಿಗಲ್ಲ. ಪದ್ಮಿನಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಸಮುದ್ರದ ಉಪ್ಪುಗಾಳಿಯಲ್ಲಿ ಎಷ್ಟೋ ವರ್ಷ ನಿಂತ ಗಾಡಿಯಾದರೆ ಆ ಜಾಗ ಒಳಗೇ ತುಕ್ಕು ತಿಂದಿರುತ್ತದೆ. ಸ್ಕ್ರೂಡ್ರೈವರ್ ಹಿಡಿಯಿಂದ ಕುಟ್ಟಿ ನೋಡಿ. ಖಣ್ ಎಂದರೆ ಸರಿ. ಡಬ್ ಎಂದು ಪುಡಿ ಉದುರಿದರೆ ಸಸ್ಪೆನ್ಶನ್ ಕೆಲಸ ಬದಿಗಿಟ್ಟು ಮೊದಲು ವೆಲ್ಡಿಂಗ್ ಮಾಡಿಸಿ.

ಸ್ಟ್ಯಾಂಡ್ ಮೇಲೆ ಇಳಿಸಿದ ಮೇಲೆ ಕಾರನ್ನು ಕೈಯಿಂದ ದಬ್ಬಿ ಅಲ್ಲಾಡಿಸಿ. ಅಲ್ಲಾಡಿದರೆ ಕೆಳಗೆ ಹೋಗುವ ಮುಂಚೆಯೇ ಗೊತ್ತಾಗಲಿ.

ಚಕ್ರ ನೇತಾಡುತ್ತಿದೆ. ಅಂದರೆ ಸ್ಪ್ರಿಂಗ್ ಸಡಿಲವಾಯಿತು ತಾನೇ?

ಇಲ್ಲ. ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಪದ್ಮಿನಿಯ ಮುಂದಿನ ಪ್ರತಿ ಚಕ್ರಕ್ಕೂ ಮೇಲೊಂದು ಕೆಳಗೊಂದು ಆರ್ಮ್, ಅವುಗಳ ಜೊತೆ ಕಾಯಿಲ್ ಸ್ಪ್ರಿಂಗ್, ಶಾಕಪ್, ಎರಡೂ ಬದಿಯನ್ನು ಸೇರಿಸುವ ಆಂಟಿರೋಲ್ ಬಾರ್ ಇವೆ. ಚಕ್ರ ಪೂರ್ತಿ ಕೆಳಗಿಳಿದು ನಿಂತಾಗಲೂ ಸ್ಪ್ರಿಂಗ್ ತನ್ನ ಸಹಜ ಉದ್ದಕ್ಕಿಂತ ಗಿಡ್ಡವಾಗಿಯೇ ಇರುತ್ತದೆ. ಅದು ಇನ್ನೂ ಹಿಗ್ಗಲು ನೋಡುತ್ತಿರುತ್ತದೆ, ಆರ್ಮ್ ಇನ್ನು ಕೆಳಗಿಳಿಯದ ಕಾರಣ ಸುಮ್ಮನಿದೆ, ಅಷ್ಟೆ. ಆರ್ಮ್ ತಡೆದಿರುವುದು ರಬ್ಬರ್ ಸ್ಟಾಪರ್ ಇರಬಹುದು, ಎಷ್ಟೋ ಗಾಡಿಗಳಲ್ಲಿ ಶಾಕಪ್ ಕೂಡ ಇರಬಹುದು. ಹಾಗಾಗಿ "ಶಾಕಪ್ ತಾನೇ, ಎರಡು ನಟ್ಟು" ಎಂದು ಆರ್ಮಿಗೆ ಆಧಾರ ಕೊಡದೆ ಬಿಚ್ಚುವುದು ಕೂಡ ಅಪಾಯವೇ. ಸುಮಾರು 900 ಕಿಲೋ ತೂಕದ ಕಾರಿನ ಒಂದು ಮೂಲೆಯ ಭಾರ ಹೊರುವ ಸ್ಪ್ರಿಂಗ್ ಅದು. ಚಕ್ರಕ್ಕಿಂತ ಒಳಗೆ, ಆರ್ಮಿನ ನಡುವಿನಲ್ಲಿ ಕೂತಿರುವುದರಿಂದ ಮೀಟುಗೋಲಿನ ಲೆಕ್ಕದಲ್ಲಿ ಅದರ ಮೇಲಿನ ಒತ್ತಡ ಚಕ್ರದ ಮೇಲಿನ ಭಾರಕ್ಕಿಂತ ಜಾಸ್ತಿ. ತಪ್ಪಿಸಿಕೊಂಡರೆ ಕೈ ಮುರಿಯುತ್ತದೆ, ಕೆಲವೊಮ್ಮೆ ಅದಕ್ಕಿಂತ ಹೆಚ್ಚೂ ಆಗುತ್ತದೆ.

ಹಾಗಾದರೆ ಸ್ಪ್ರಿಂಗ್ ಇಳಿಸುವುದು ಹೇಗೆ?

ಮೊದಲು ಆಂಟಿರೋಲ್ ಬಾರಿನ ಕೊಂಡಿಯನ್ನು ಎರಡೂ ಬದಿ ಬಿಚ್ಚಿ, ಇಲ್ಲವಾದರೆ ಒಂದು ಆರ್ಮ್ ಇಳಿಸುವಾಗ ಇನ್ನೊಂದು ಎಳೆಯುತ್ತದೆ. ಟ್ರಾಲಿ ಜಾಕನ್ನು ಕೆಳ ಆರ್ಮಿನ ಹೊರತುದಿಯ ಹತ್ತಿರ ಕೊಟ್ಟು, ಆರ್ಮ್ ಸ್ವಲ್ಪ ಮೇಲೇಳುವಷ್ಟು ಎತ್ತಿ. ಈಗ ಭಾರ ಜಾಕಿನ ಮೇಲಿದೆ. ಈ ಹಂತದಲ್ಲಿ ಶಾಕಪ್ ಬಿಚ್ಚಬಹುದು.

ಸರಪಳಿಯನ್ನು ಸ್ಪ್ರಿಂಗಿನ ಸುತ್ತುಗಳ ನಡುವೆ ತೂರಿಸಿ ಕ್ರಾಸ್‌ಮೆಂಬರ್ (ಮುಂದೆ ಅಡ್ಡಕ್ಕಿರುವ ಉಕ್ಕಿನ ತೊಲೆ) ಸುತ್ತ ಕಟ್ಟಿ, ಸ್ಪ್ರಿಂಗ್ ಹಿಗ್ಗಲು ಬೇಕಾದಷ್ಟು ಸಡಿಲ ಬಿಟ್ಟು. ಅದು ಕೆಲಸ ಮಾಡುವ ಸಂದರ್ಭ ಬಾರದಿರಲಿ, ಬಂದರೆ ಸ್ಪ್ರಿಂಗ್ ನಿಮ್ಮ ಕಡೆ ಹಾರುವುದಿಲ್ಲ.

ಕಂಪ್ರೆಸರ್ ಹಾಕಿ ಸ್ಪ್ರಿಂಗ್ ಹಿಡಿದಿಟ್ಟುಕೊಳ್ಳುವುದು ಎಲ್ಲಕ್ಕಿಂತ ಸುರಕ್ಷಿತ. ಬಾಡಿಗೆಗೆ ಸಿಗುವ, ಹೊರಗಿನಿಂದ ಕೊಕ್ಕೆ ಹಾಕುವ ಕಂಪ್ರೆಸರ್‌ಗಳು ಈಗಿನ ಸ್ಟ್ರಟ್ ಗಾಡಿಗಳಿಗೆಂದು, ಅಂದರೆ ಸ್ಪ್ರಿಂಗ್ ಶಾಕಪ್ ಒಂದೇ ಕಂಬವಾಗಿರುವ ಗಾಡಿಗಳಿಗೆಂದು ಮಾಡಿದವು. ಎರಡು ಆರ್ಮುಗಳ ನಡುವಿನ ಇಕ್ಕಟ್ಟಿನಲ್ಲಿ ಅವು ಕೂರುವುದು ಅನುಮಾನ, ಕೂತರೂ ಹೊರತೆಗೆಯಲು ಜಾಗ ಉಳಿಯುವುದಿಲ್ಲ. ಸ್ಪ್ರಿಂಗಿನ ಒಳಗೆ ಹೋಗುವ ಮಾದರಿ ಹುಡುಕಿ. ಉದ್ದ ಥ್ರೆಡ್ ರಾಡಿಗೆ ಮೇಲೆ ಕೆಳಗೆ ದಪ್ಪ ಪ್ಲೇಟ್ ಹಾಕಿ ತಾವೇ ಮಾಡಿಕೊಳ್ಳುವವರೂ ಇದ್ದಾರೆ. ಆ ರಾಡ್ ಹೈ ಟೆನ್ಸೈಲ್, ಅಂದರೆ ಹೆಚ್ಚು ಎಳೆತ ತಡೆಯುವ ಉಕ್ಕಿನದು ಆಗಿರಲೇಬೇಕು. ಹಾರ್ಡ್‌ವೇರ್ ಅಂಗಡಿಯ ಬಿಳಿ ಮೈಯ, ಪೈಪ್ ನೇತುಹಾಕುವ ರಾಡಿಗೆ ಈ ಕೆಲಸ ಕೊಡಬೇಡಿ.

ಆಮೇಲೆ ಆರ್ಮನ್ನು ಸ್ಟಬ್ ಆಕ್ಸಲ್ (ಚಕ್ರದ ಹಬ್ ಕೂರುವ ಗಿಡ್ಡ ಅಚ್ಚು) ಕಡೆಯಿಂದ ಬಿಡಿಸಿ ಜಾಕನ್ನು ನಿಧಾನ ಇಳಿಸಿ. ಆರ್ಮ್ ನೇರ ಕೆಳಗಿಳಿಯುವುದಿಲ್ಲ, ಬಿಲ್ಲಿನಂತೆ ಒಳಕ್ಕೆ ಬಾಗುತ್ತಾ ಬರುತ್ತದೆ. ಜಾಕಿನ ಚಕ್ರ ಅದರ ಜೊತೆ ಉರುಳಲು ಬಿಡಿ. ಚಕ್ರ ಏನಕ್ಕಾದರೂ ತಡೆದರೆ ಜಾಕಿನ ತಲೆ ಆರ್ಮಿನಿಂದ ಜಾರುತ್ತದೆ. ಇಳಿಸುವಾಗ ಮೈ ಕಾರಿನ ಪಕ್ಕದಲ್ಲಿರಲಿ, ಸ್ಪ್ರಿಂಗಿನ ಎದುರಿಗೆ ಯಾರೂ ಬೇಡ. ಸ್ಪ್ರಿಂಗ್ ಕೈಯಲ್ಲಿ ಸಲೀಸಾಗಿ ತಿರುಗಿದರೆ ಒತ್ತಡ ಹೋಯಿತೆಂದು ಅರ್ಥ. ಬಿಗಿಯಾಗಿದ್ದರೆ ಇನ್ನೂ ಇಳಿಸಿ. ಸರಳಿನಿಂದ ಎಬ್ಬಿ ತೆಗೆಯುವ ಆತುರ ಬೇಡ.

ಎಂಜಿನ್ ಆಗಲೇ ಇಳಿಸಿಬಿಟ್ಟಿದ್ದೇನೆ. ತೊಂದರೆ ಇದೆಯೇ?

ಇದೆ. ಮುಂದಿನ ಭಾರ ಇಲ್ಲದಿದ್ದರೆ ಆರ್ಮಿಗೆ ಜಾಕ್ ಕೊಟ್ಟು ಎತ್ತಿದಾಗ ಸ್ಪ್ರಿಂಗ್ ಕುಗ್ಗುವ ಬದಲು ಕಾರೇ ಸ್ಟ್ಯಾಂಡಿನಿಂದ ಮೇಲೇಳುತ್ತದೆ. ಪೂರ್ತಿ ರಿಪೇರಿ ಮಾಡುವವರು ಸಸ್ಪೆನ್ಶನ್ ಮೊದಲು, ಎಂಜಿನ್ ಆಮೇಲೆ ಎಂದಿಟ್ಟುಕೊಳ್ಳಿ. ಜೋಡಿಸುವಾಗ ಇದು ತಿರುಗುಮುರುಗು: ಎಂಜಿನ್ ಕೂತ ಮೇಲೆ ಸ್ಪ್ರಿಂಗ್ ಏರಿಸುವುದು ಸುಲಭ. ಈಗಾಗಲೇ ಇಳಿಸಿದ್ದರೆ ಕಂಪ್ರೆಸರ್ ಇಲ್ಲದೆ ಮುಂದುವರಿಯಬೇಡಿ.

ಟೈ ರಾಡ್ ಎಂಡ್ ನಟ್ಟು ಬಿಚ್ಚಿದೆ, ಟೇಪರ್ ಬಿಡುತ್ತಲೇ ಇಲ್ಲ.

ಮೂವತ್ತು ನಲವತ್ತು ವರ್ಷ ಕಚ್ಚಿ ಕೂತದ್ದು, ಬಾ ಎಂದರೆ ಬರುವುದಿಲ್ಲ. ಸ್ಪ್ಲಿಟ್ ಪಿನ್ ತೆಗೆದು, ನಟ್ಟನ್ನು ಕೆಲವು ಸುತ್ತು ಮಾತ್ರ ಸಡಿಲಿಸಿ ಹಾಗೇ ಬಿಡಿ. ಬಿಟ್ಟಾಗ ರಾಡ್ ಬಂದು ಮುಖಕ್ಕೆ ಬೀಳದಂತೆ ಅದೇ ತಡೆ. ಪುಲ್ಲರ್ ಹಾಕಿ ಬಿಗಿಮಾಡಿ. ಈಗ ಟೇಪರ್ ಕೂತಿರುವ ಕಣ್ಣಿನ ಒಂದು ಮಗ್ಗುಲಿಗೆ ಭಾರದ ಸುತ್ತಿಗೆ ಒತ್ತಿ ಹಿಡಿದು, ಎದುರು ಮಗ್ಗುಲಿಗೆ ಇನ್ನೊಂದರಿಂದ ಗಟ್ಟಿಯಾಗಿ ಹೊಡೆಯಿರಿ. ಹೊಡೆಯಬೇಕಾದ್ದು ಕಣ್ಣಿಗೆ, ಅಡ್ಡಕ್ಕೆ. ಥ್ರೆಡ್ಡಿನ ತುದಿಗೆ ಹೊಡೆದರೆ ಅದು ಅಣಬೆಯಾಗಿ ನಟ್ಟೂ ಬರುವುದಿಲ್ಲ. ಎರಡು ಮೂರು ಏಟಿಗೆ ಠಕ್ ಎಂದು ಬಿಡುತ್ತದೆ. ಆ ಸದ್ದು ಒಮ್ಮೆ ಕೇಳಿದರೆ ಮತ್ತೆ ಅನುಮಾನ ಬರುವುದಿಲ್ಲ.

ಕವಲಿನ ಆಕಾರದ ಫೋರ್ಕ್ ಹೊಡೆದು ಬಿಡಿಸುವವರುಂಟು. ರಬ್ಬರ್ ಬೂಟ್ ಹರಿದೇ ಹರಿಯುತ್ತದೆ. ಆ ಎಂಡ್ ಹೇಗೂ ಎಸೆಯುವುದಾದರೆ ಮಾತ್ರ ಬಳಸಿ.

ಎಂಡನ್ನು ಟೈ ರಾಡಿನ ಕೊಳವೆಯಿಂದ ತಿರುಗಿಸಿ ತೆಗೆಯುವ ಮೊದಲು ಒಂದು ತುದಿಯಿಂದ ಇನ್ನೊಂದಕ್ಕೆ ಉದ್ದ ಅಳೆದು ಬರೆದುಕೊಳ್ಳಿ, ಸುತ್ತುಗಳನ್ನೂ ಎಣಿಸಿ. ಆ ಕೊಳವೆಯ ಒಂದು ತುದಿಯ ಥ್ರೆಡ್ ಎಡಸುತ್ತಿನದು, ಬರುತ್ತಿಲ್ಲ ಎಂದು ಬಲ ಹಾಕುವ ಮುನ್ನ ನೆನಪಿರಲಿ. ಕೆಲವು ಹಳೇ ಗಾಡಿಗಳಲ್ಲಿ ಒಂದು ಬದಿಯ ಹಬ್ ನಟ್ಟೂ ಹೀಗೇ.

ನಟ್ಟು ತುಕ್ಕಿನಲ್ಲಿ ಕಚ್ಚಿಬಿಟ್ಟಿದೆ. ಗ್ಯಾಸ್ ಹಚ್ಚಲೇ?

ಕೊನೆಗೆ ನೋಡೋಣ. ವೈರ್ ಬ್ರಶ್‌ನಿಂದ ಥ್ರೆಡ್ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ, ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಮತ್ತೆ ಹಾಕಿ. ಸಡಿಲಿಸುವ ಮುನ್ನ ಒಂದು ಕೂದಲೆಳೆಯಷ್ಟು ಬಿಗಿ ಮಾಡಿ ನೋಡಿ, ತುಕ್ಕಿನ ಪದರ ಮುರಿಯುತ್ತದೆ. ಬೆಂಕಿ ಹಚ್ಚಲೇಬೇಕಾದರೆ ರಬ್ಬರ್ ಬುಶ್, ಬ್ರೇಕ್ ಹೋಸ್, ಪೆಟ್ರೋಲ್ ಪೈಪ್ ದೂರವಿರಬೇಕು. ಎಣ್ಣೆ ಹಾಕಿದ ಜಾಗ ಒರೆಸಿರಬೇಕು. ಸ್ಪ್ರಿಂಗಿಗೆ ಬಿಸಿ ತಾಗಲೇಬಾರದು, ಅದರ ಹದ ಕೆಡುತ್ತದೆ. ಕತ್ತರಿಸಿ ತೆಗೆದರೆ ನಾಚಿಕೆಯೇನೂ ಇಲ್ಲ, ಬೋಲ್ಟು ಹೊಸದು ಸಿಗುತ್ತದೆ. ಆದರೆ ಮತ್ತೆ ಹಾಕುವ ಬೋಲ್ಟು ಅದೇ ಗ್ರೇಡಿನದ್ದಾಗಿರಬೇಕು.

ಬ್ರೇಕ್ ಪೈಪ್ ಬಿಚ್ಚಲೇಬೇಕೇ?

ಸ್ಟಬ್ ಆಕ್ಸಲ್ ಹೊರತೆಗೆಯದಿದ್ದರೆ ಬೇಡ. ಬ್ರೇಕ್ ಪ್ಲೇಟನ್ನು ಬಿಚ್ಚಿ ತಂತಿಯಿಂದ ಮೇಲಕ್ಕೆ ಕಟ್ಟಿ, ಹೋಸಿಗೆ ನೇತುಬಿಡಬೇಡಿ. ಡ್ರಮ್ಮಿನ ಒಳಗಿನ ಧೂಳನ್ನು ಊದಬೇಡಿ, ಹಳೇ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ.

ಎರಡೂ ಬದಿ ಒಟ್ಟಿಗೆ ಬಿಚ್ಚಿದರೆ ಬೇಗ ಆಗುವುದಿಲ್ಲವೇ?

ಬೇಗ ಬಿಚ್ಚಬಹುದು, ಬೇಗ ಜೋಡಿಸಲಾಗುವುದಿಲ್ಲ. ಒಂದು ಬದಿ ಹಾಗೇ ಇರಲಿ, ಯಾವ ವಾಶರ್ ಯಾವ ಕಡೆ ಎಂಬ ಪ್ರಶ್ನೆಗೆ ಅದೇ ಉತ್ತರ ಕೊಡುತ್ತದೆ. ಫೋಟೊ ಕೂಡ ತೆಗೆಯಿರಿ, ಆದರೆ ಗ್ರೀಸ್ ಮೆತ್ತಿದ ಕಪ್ಪು ಮುದ್ದೆಯ ಫೋಟೊದಲ್ಲಿ ನಾಲ್ಕು ವಾರ ಬಿಟ್ಟು ನೋಡಿದರೆ ಏನೂ ತಿಳಿಯದು. ಮೊದಲು ಒರೆಸಿ, ಆಮೇಲೆ ಫೋಟೊ.

ಮುಖ್ಯವಾಗಿ ಶಿಮ್‌ಗಳು. ಆ ಕಾಲದ ಬಹಳಷ್ಟು ಗಾಡಿಗಳಲ್ಲಿ ಆರ್ಮಿನ ಒಳಗಿನ ಶಾಫ್ಟಿಗೂ ಕ್ರಾಸ್‌ಮೆಂಬರಿಗೂ ನಡುವೆ ತೆಳು ತಗಡಿನ ತುಂಡುಗಳಿರುತ್ತವೆ. ಚಕ್ರದ ವಾಲಿಕೆ, ಅಂದರೆ ಕ್ಯಾಂಬರ್ ಮತ್ತು ಕ್ಯಾಸ್ಟರ್, ನಿಂತಿರುವುದೇ ಅವುಗಳ ಮೇಲೆ. ನೆಲಕ್ಕೆ ಬಿದ್ದು ಕಸ ಅನ್ನಿಸಿ ಗುಡಿಸಿಹೋಗುವುದೂ ಅವೇ. ಮುಂದಿನ ಬೋಲ್ಟಿನವು ಬೇರೆ, ಹಿಂದಿನವು ಬೇರೆ ಕಟ್ಟಿ ಚೀಟಿ ಹಚ್ಚಿ. ಸ್ಪ್ರಿಂಗಿಗೂ ಎಡ, ಬಲ, ಮೇಲ್ತುದಿ ಎಂದು ಬಣ್ಣದಲ್ಲಿ ಗುರುತು ಹಾಕಿ.

ಕಿಂಗ್ ಪಿನ್ ನಾನೇ ಹೊಡೆದು ತೆಗೆಯಲೇ?

ಸಾಮಾನ್ಯವಾಗಿ ಪಿನ್ ತಿರುಗದಂತೆ ಅಡ್ಡಕ್ಕೊಂದು ಲಾಕ್ ಪಿನ್ ಇರುತ್ತದೆ. ಅದನ್ನು ತೆಗೆಯದೆ ಎಷ್ಟು ಹೊಡೆದರೂ ಪ್ರಯೋಜನವಿಲ್ಲ, ಗೂಡು ಬಿರಿಯುತ್ತದೆ ಅಷ್ಟೆ. ಲಾಕ್ ತೆಗೆದ ಮೇಲೂ ಬರದಿದ್ದರೆ ಪೂರ್ತಿ ಜೋಡಿಯನ್ನೇ ಹಿಡಿದುಕೊಂಡು ಹೈಡ್ರಾಲಿಕ್ ಪ್ರೆಸ್ ಇರುವ ಲೇತ್ ಅಂಗಡಿಗೆ ಹೋಗಿ. ಹೊಸ ಬುಶ್ ಒತ್ತಿದ ಮೇಲೆ ಅದರ ಒಳಮೈ ರೀಮರ್‌ನಿಂದ ಪಿನ್ನಿಗೆ ಹೊಂದಿಸಬೇಕು, ಮೇಲಿನ ಕೆಳಗಿನ ಬುಶ್ ಒಂದೇ ರೇಖೆಯಲ್ಲಿರಬೇಕು. ಒಳ್ಳೆಯ ಕೈಯಾದರೆ ಎಣ್ಣೆ ಸವರಿದ ಪಿನ್ ಹೆಬ್ಬೆರಳ ಒತ್ತಿಗೆ ಒಳಹೋಗುತ್ತದೆ, ಅಲ್ಲಾಡುವುದಿಲ್ಲ. ನಿಮ್ಮ ಎದುರಿಗೇ ಹಾಕಿ ತೋರಿಸಲು ಹೇಳಿ. ಉಪ್ಪುಕಾಗದದಲ್ಲಿ ಉಜ್ಜಿ ಹೊಂದಿಸುತ್ತೇನೆ ಎನ್ನುವವರಿಗೆ ನಮಸ್ಕಾರ ಹೇಳಿ ಹೊರಡಿ.

ಅಂಬಾಸಿಡರ್, ಹೆರಾಲ್ಡ್ ಗಾಡಿಗಳಿಗೂ ಇದೇ ಕ್ರಮವೇ?

ಅಲ್ಲ. ಮಾರಿಸ್ ಆಕ್ಸ್‌ಫರ್ಡ್ ವಂಶದ ಅಂಬಾಸಿಡರಿಗೆ ಮುಂದೆ ಕಾಯಿಲ್ ಸ್ಪ್ರಿಂಗ್ ಬದಲು ಟಾರ್ಶನ್ ಬಾರ್, ಅಂದರೆ ತಿರುಚಿ ಹಿಡಿದ ಉದ್ದ ಉಕ್ಕಿನ ಸರಳು. ಕಣ್ಣಿಗೆ ಸುಮ್ಮನೆ ಮಲಗಿದಂತೆ ಕಂಡರೂ ಒತ್ತಡ ಅಷ್ಟೇ ಇದೆ. ಸರಳಿನ ತುದಿಯ ಹಲ್ಲುಗಳು ಕೂತ ಜಾಗಕ್ಕೆ ಗುರುತು ಹಾಕದೆ ಎಳೆದರೆ ಮತ್ತೆ ಕಾರಿನ ಎತ್ತರ ಹೊಂದಿಸುವುದೇ ಒಂದು ವನವಾಸ.

ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡಿನಲ್ಲಿ ಸ್ಪ್ರಿಂಗ್ ಮತ್ತು ಶಾಕಪ್ ಒಂದೇ ಜೋಡಿ. ಜೋಡಿಯನ್ನು ಹಾಗೇ ಹೊರತೆಗೆಯಿರಿ, ಮೇಲ್ಗಡೆ ನಡುವಿನ ನಟ್ಟನ್ನು ಮಾತ್ರ ಗಾಡಿಯಲ್ಲಿದ್ದಾಗ ಮುಟ್ಟಬೇಡಿ. ಕೆಳಗಿನ ಟ್ರನಿಯನ್‌ಗೆ (ಚಕ್ರ ಎಡಬಲಕ್ಕೆ ತಿರುಗುವ ಕೆಳಗಿನ ಕೀಲಿಗೆ) ಗ್ರೀಸಲ್ಲ, ಗೇರ್ ಆಯಿಲ್. ಈ ಎರಡೂ ಗಾಡಿಗಳ ಪಾನಾ ಇಂಚಿನ ಅಳತೆಯದು.

ಬಿಡಿಭಾಗ ಎಲ್ಲಿ ಸಿಗುತ್ತವೆ?

ಕುರ್ಲಾದಿಂದ ಕಲೀನಾ ಕಡೆ ಹೋಗುವ ಸಿಎಸ್‌ಟಿ ರೋಡ್ ಮೊದಲು. ಪುಣೆಯವರಿಗೆ ನಾನಾ ಪೇಠ್. ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ಕ್ಕೆ. ಟ್ಯಾಕ್ಸಿಗೆ 20 ವರ್ಷದ ಮಿತಿ ಇರುವುದರಿಂದ 2023ರ ಅಕ್ಟೋಬರ್ ಕೊನೆಗೆ ಕಾಲಿಪೀಲಿ ಪದ್ಮಿನಿಗಳ ಓಡಾಟ ಮುಗಿಯಿತು. ದಿನಾ ರಿಪೇರಿಗೆ ಬರುವ ಗಿರಾಕಿಯೇ ಇಲ್ಲದ ಮೇಲೆ ಅಂಗಡಿಯವರು ಹಳೇ ಸ್ಟಾಕ್ ಇಡುವುದೂ ಕಡಿಮೆ. ಬೇಕಾದ್ದು ಕಂಡಾಗಲೇ ಕೊಂಡಿಡಿ.

ಹಳೇ ತುಂಡನ್ನು ಜೇಬಿನಲ್ಲಿ ಒಯ್ಯಿರಿ, ವರ್ನಿಯರ್ ಇದ್ದರೆ ಅದನ್ನೂ. ಪೆಟ್ಟಿಗೆಯ ಮೇಲಿನ ಹೆಸರಿಗಿಂತ ಅಳತೆ ನಂಬಿ. ರಬ್ಬರ್ ಬುಶ್ ಉಗುರಿನಿಂದ ಒತ್ತಿ ನೋಡಿ: ಗುರುತು ಕೂಡಲೇ ಮಾಯವಾಗಬೇಕು, ಅಂಚಿನಲ್ಲಿ ಬಿರುಕಿರಬಾರದು. ವರ್ಷಗಟ್ಟಲೆ ಕಪಾಟಿನಲ್ಲಿದ್ದ "ಒರಿಜಿನಲ್" ರಬ್ಬರಿಗಿಂತ ಹೊಸದಾಗಿ ಬಂದ ಸಾಧಾರಣದ್ದೇ ಎಷ್ಟೋ ವಾಸಿ. ಸ್ಕ್ರ್ಯಾಪ್ ಗಾಡಿಯ ಆರ್ಮ್ ಕೊಳ್ಳುವುದಾದರೆ ಸಪಾಟು ಕಲ್ಲಿನ ಮೇಲಿಟ್ಟು ಬಾಗಿದೆಯೇ ನೋಡಿ.

ಮಳೆಗಾಲದಲ್ಲಿ ಶುರು ಮಾಡಬಹುದೇ?

ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಚ್ಚಿ ತೊಳೆದ ಉಕ್ಕು ಒಂದೇ ರಾತ್ರಿಗೆ ಕೆಂಪಾಗುತ್ತದೆ, ಪೇಂಟ್ ಒಣಗುವುದಿಲ್ಲ. ನೀರು ನುಗ್ಗುವ ಸ್ಟಿಲ್ಟ್ ಆದರೆ ಸ್ಟ್ಯಾಂಡ್ ಮೇಲಿನ ಕಾರನ್ನು ಸರಿಸುವಂತೆಯೂ ಇಲ್ಲ. ಗಣಪತಿ ಮುಗಿದ ಮೇಲೆ ಭಾಗಗಳನ್ನು ಕೂಡಿಸಿಕೊಳ್ಳಿ, ದೀಪಾವಳಿ ಆದ ಮೇಲೆ ಬಿಚ್ಚಿ.

ಜೋಡಿಸುವಾಗ ಎಲ್ಲ ಬೋಲ್ಟು ಪೂರ್ತಿ ಬಿಗಿ ಮಾಡಲೇ?

ರಬ್ಬರ್ ಬುಶ್ ಇರುವ ಕಡೆ ಬೇಡ. ಚಕ್ರ ನೇತಾಡುವಾಗ ಬಿಗಿ ಮಾಡಿದರೆ ರಬ್ಬರ್ ಆ ಕೋನದಲ್ಲೇ ಸಿಕ್ಕಿಕೊಳ್ಳುತ್ತದೆ. ಕಾರು ನೆಲಕ್ಕಿಳಿದಾಗ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಕೈಬಿಗಿ ಮಾಡಿ, ಚಕ್ರ ಹಾಕಿ, ಇಳಿಸಿ, ಬಾನೆಟ್ ಒತ್ತಿ ನಾಲ್ಕು ಬಾರಿ ಕುಣಿಸಿ, ಆಮೇಲೆ ಮ್ಯಾನ್ಯುಅಲ್ ಹೇಳಿದಷ್ಟು ಬಿಗಿ ಕೊಡಿ. ಹಳೇ ಸ್ಪ್ಲಿಟ್ ಪಿನ್ ಮತ್ತೆ ಹಾಕಬೇಡಿ. ಗ್ರೀಸ್ ನಿಪ್ಪಲ್‌ಗಳಿಗೆ ಗನ್ ಹಚ್ಚಿ, ಹೊಸ ಗ್ರೀಸ್ ಅಂಚಿನಿಂದ ಇಣುಕುವವರೆಗೆ ಹೊಡೆಯಿರಿ. ಇಣುಕದಿದ್ದರೆ ದಾರಿ ಕಟ್ಟಿದೆ, ಬಿಚ್ಚಿ ತಂತಿ ಹಾಕಿ ಬಿಡಿಸಿ.

ಅಲೈನ್‌ಮೆಂಟ್ ಅಂಗಡಿಯ ಕಂಪ್ಯೂಟರಿನಲ್ಲಿ ಪದ್ಮಿನಿ ಇಲ್ಲ ಎನ್ನುತ್ತಾರೆ.

ಮ್ಯಾನ್ಯುಅಲ್ಲಿನ ಅಂಕಿಗಳನ್ನು ಬರೆದು ಒಯ್ಯಿರಿ. ಯಂತ್ರಕ್ಕೆ ಅಂಕಿ ಕೈಯಿಂದಲೂ ಕೊಡಬಹುದು, ಕೊಡುವ ಮನಸ್ಸಿರುವ ಅಂಗಡಿ ಹುಡುಕಬೇಕು. ಅಲ್ಲಿಗೆ ಹೋಗುವ ಮಟ್ಟಿಗೆ ಕಾರಿನ ಎರಡೂ ಮಗ್ಗುಲಲ್ಲಿ ಉದ್ದಕ್ಕೆ ಸಮಾನಾಂತರ ದಾರ ಕಟ್ಟಿ, ರಿಮ್ಮಿನ ಮುಂದಿನ ಮತ್ತು ಹಿಂದಿನ ಅಂಚಿನಿಂದ ದಾರಕ್ಕೆ ಅಳೆದು ಟೋ, ಅಂದರೆ ಚಕ್ರದ ಮುಂದಂಚು ಒಳಕ್ಕೋ ಹೊರಕ್ಕೋ ತಿರುಗಿರುವುದನ್ನು, ಹೊಂದಿಸಿಕೊಳ್ಳಿ. ಬಿಚ್ಚುವಾಗ ಬರೆದಿಟ್ಟ ಟೈ ರಾಡಿನ ಉದ್ದ ಇಲ್ಲಿ ಕೆಲಸಕ್ಕೆ ಬರುತ್ತದೆ.

ಆರ್‌ಟಿಒದಲ್ಲಿ ಇದಕ್ಕೆ ಏನಾದರೂ ಕೇಳುತ್ತಾರೆಯೇ?

ಅದೇ ಮಾದರಿಯ ಭಾಗ ಬದಲಿಸಿದರೆ ಇಲ್ಲ. ಖಾಸಗಿ ಕಾರಿಗೆ 15 ವರ್ಷದ ನಂತರ ನೋಂದಣಿ ನವೀಕರಣ, ಆಮೇಲೆ ಐದೈದು ವರ್ಷಕ್ಕೊಮ್ಮೆ. ಆ ತಪಾಸಣೆಯಲ್ಲಿ ಸ್ಟೀರಿಂಗಿನ ಆಟ ನೋಡುತ್ತಾರೆ, ಹಾಗಾಗಿ ಕಿಂಗ್ ಪಿನ್ ಕೆಲಸ ಅದಕ್ಕೆ ಮುಂಚೆ ಮುಗಿಸಿ. 50 ವರ್ಷ ದಾಟಿದ ಗಾಡಿಯನ್ನು 2021ರ ನಿಯಮದಂತೆ ವಿಂಟೇಜ್ ಎಂದು ನೋಂದಾಯಿಸಬಹುದು, ಆದರೆ ಆಮೇಲೆ ದಿನಬಳಕೆಗೆ ಓಡಿಸುವಂತಿಲ್ಲ.

ಮೊದಲ ಸಲ ಎಷ್ಟು ದೂರ ಓಡಿಸಲಿ?

ಸೊಸೈಟಿಯ ಗೇಟಿನೊಳಗೆ ಎರಡು ಸುತ್ತು, ಬ್ರೇಕ್ ಹಿಡಿಯುತ್ತದೆಯೇ, ಸ್ಟೀರಿಂಗ್ ಎರಡೂ ಕೊನೆಯವರೆಗೆ ತಿರುಗಿದಾಗ ಹೋಸ್ ಎಲ್ಲಾದರೂ ಉಜ್ಜುತ್ತದೆಯೇ ನೋಡಿ. ಆಮೇಲೆ ಭಾನುವಾರ ಬೆಳಿಗ್ಗೆ ಖಾಲಿ ಗಲ್ಲಿಯಲ್ಲಿ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರಬೇಕು. ಬರದೆ ಅಲ್ಲೇ ನಿಂತರೆ ಕಿಂಗ್ ಪಿನ್ ತೀರ ಬಿಗಿ, ಅಥವಾ ಶಿಮ್ ಅದಲುಬದಲಾಗಿದೆ. ವಾಪಸು ಬಂದು ಹಬ್ ಮುಟ್ಟಿ ನೋಡಿ, ಒಂದು ಬದಿ ಮಾತ್ರ ಸುಡುತ್ತಿದ್ದರೆ ಬೇರಿಂಗ್ ಬಿಗಿಯೋ ಬ್ರೇಕ್ ಶೂ ಕಚ್ಚಿದೆಯೋ ನೋಡಿ. ನೂರು ಕಿಲೋಮೀಟರ್ ಆಗುವಷ್ಟರಲ್ಲಿ ಚಕ್ರದ ನಟ್ಟಿನಿಂದ ಹಿಡಿದು ಆರ್ಮಿನ ಬೋಲ್ಟುಗಳವರೆಗೆ ಮತ್ತೊಮ್ಮೆ ಪಾನಾ ಹಾಕಿ. ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಅದಾದ ಮೇಲೆ.